ಕೋಲಾರದ ಅಯ್ಯರೂ ನಮ್ಮ ಕೊಳಾರದ ಹುಡುಗರೂ

ಸಂಜೆ ಆರರ ಮೇಲೆ ಕೊಳಾರ ಇಂಡಸ್ಟ್ರಿಯಲ್ ಏರಿಯಾದಿಂದ ಬೀದರಿಗೆ ಬರೋ ಬಸ್ಸಿನ್ಯಾಗ ಸ್ವಲ್ಪ ಕಿವಿಗೊಟ್ಟು ಕೂಡ್ರಿ. ಎರಡೇ ಮಾತು. ಒಂದು ಪಗಾರ, ಇನ್ನೊಂದು ಜಿಮ್. ಪಾಳಿ ಮುಗಿಸಿದ ಹುಡುಗರು ಮನೆಗೆ ಹೋಗೋದಕ್ಕಿಂತ ಮೊದಲು ಕಬ್ಬಿಣ ಎತ್ತಲಿಕ್ಕೆ ಹೋಗ್ತಾರೆ. ಇವತ್ತು ಎದೆ ಮತ್ತು ತೋಳು, ನಾಳೆನೂ ಎದೆ ಮತ್ತು ತೋಳು, ನಾಡಿದ್ದೂ ಅದೇ. ಒಂದು ದಿನ ಬಿಡಬಾರದೇನಪ್ಪಾ ಅಂತ ಕೇಳಿದರೆ ಉತ್ತರ ರೆಡಿ ಅದ: ಗಾಮಾ ಪೈಲ್ವಾನ ದಿನಾ ಮಾಡ್ತಿದ್ದನಲ್ರಿ!

ಗಾಮಾನ ವಿಚಾರಕ್ಕೆ ಆಮೇಲೆ ಬರೋಣ. ಇವತ್ತಿನ ಕಥೆ ನಮ್ಮ ಕನ್ನಡದವರದೇ, ಪ್ರೊಫೆಸರ್ ಕೆ.ವಿ. ಅಯ್ಯರ್ ಅವರದು. ಕೆ ಅಂದರೆ ಕೋಲಾರ. ಅದು ನಮ್ಮ ಕೊಳಾರ ಅಲ್ಲ, ಚಿನ್ನದ ಗಣಿಯ ಕೋಲಾರ. ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೇ ವರ್ಷಗಳಲ್ಲಿ. ಪುರೋಹಿತಿಕೆ, ಗುಮಾಸ್ತಿಕೆ ಬಿಟ್ಟರೆ ಬೇರೆ ದಾರಿ ಕಾಣದ ಮನೆತನದ ಹುಡುಗರ ಕಾಲ ಅದು. ಈ ಮಹಾಶಯರು ಬೆಂಗಳೂರಿನಲ್ಲಿ ಗರಡಿ ಹಿಡಿದರು. ಮಣ್ಣಿನ ಗರಡಿಯಲ್ಲ, ಬಾರ್‌ಬೆಲ್, ಡಂಬೆಲ್ ಇಟ್ಟ ಹೊಸ ನಮೂನೆಯದು. ಹೆಸರು ಹರ್ಕ್ಯುಲಿಸ್ ಜಿಮ್ನಾಸಿಯಂ. ಬರಲಾಗದವರಿಗೆ ಅಂಚೆ ಮೂಲಕವೇ ಪಾಠ! ಮೈಕಟ್ಟಿನ ಬಗ್ಗೆ ಅವರಿಗೆ ಸಂಕೋಚ ಅನ್ನೋದು ಇರಲಿಲ್ಲ. ತಮ್ಮ ಫೋಟೋಗಳನ್ನೇ ಪುಸ್ತಕದಲ್ಲಿ ಹಾಕಿಸಿ, ನೋಡಿ ಕಲೀರಿ ಅನ್ನುವ ಧಾಟಿ.

1930ರಲ್ಲಿ ಮಸಲ್ ಕಲ್ಟ್ ಅನ್ನುವ ಇಂಗ್ಲಿಷ್ ಪುಸ್ತಕ ಬರೆದರು. ಮಜಾ ಇರೋದೇ ಇಲ್ಲಿ. ಕಬ್ಬಿಣದ ಮೇಷ್ಟ್ರು ಅನ್ನಿಸಿಕೊಂಡವರು, ತಾನು ಹೀಗಾಗಲಿಕ್ಕೆ ಕಬ್ಬಿಣಕ್ಕಿಂತ ಹಠಯೋಗವೇ ಹೆಚ್ಚು ಕಾರಣ ಅಂತ ಒಪ್ಪಿಕೊಂಡರು. 1937ರಲ್ಲಿ ಸೂರ್ಯ ನಮಸ್ಕಾರದ ಮೇಲೆ ಬೇರೆ ಪುಸ್ತಕವನ್ನೇ ತಂದರು. ನಾಲ್ವಡಿ ಕೃಷ್ಣರಾಜ ಒಡೆಯರು ಪಾರ್ಶ್ವವಾಯುವಿನಿಂದ ಬಳಲಿದಾಗ ಅರಮನೆಯಿಂದ ಕರೆ ಬಂದದ್ದು ಅಯ್ಯರ್ ಅವರಿಗೇ. ಅಂಥ ಮೈಗೆ ಮಣ ಭಾರ ಹೊರಿಸಲಾದೀತೇ? ಹದ ಗೊತ್ತಿದ್ದವನಷ್ಟೇ ಆ ಕೆಲಸ ಮಾಡಬಲ್ಲ. ಮುಂದೆ ಅರಮನೆಯ ನೆರವಿನಿಂದ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ಎದ್ದಿತು. 1940ರ ದಶಕದಲ್ಲಿ, ವ್ಯಾಯಾಮದ ಹೊತ್ತಿಗೆ ದೇಹದೊಳಗೆ ಆಗುವ ರಾಸಾಯನಿಕ ಬದಲಾವಣೆಗಳ ಮೇಲೂ ಒಂದು ಪುಸ್ತಕ ಬರೆದರು. ತೋಳು ಉಬ್ಬಿಸಿ ತೋರಿಸೋದಷ್ಟೇ ಅವರ ವಿದ್ಯೆ ಆಗಿರಲಿಲ್ಲ.

ಆ ಒಳಗಿನ ಕೆಲಸದ ಬಗ್ಗೆ ಇವತ್ತು ಇನ್ನೂ ಹೆಚ್ಚು ತಿಳಿದಿದೆ. ಭಾರ ಎತ್ತುವಾಗ ಸ್ನಾಯು ಬೆಳೆಯೋದಿಲ್ಲ, ಅದರ ಎಳೆಗಳು ಸಣ್ಣಗೆ ಘಾಸಿಗೊಳ್ತವೆ. ರಿಪೇರಿ ನಡೆಯೋದು ಆಮೇಲೆ, ಊಟ ನಿದ್ದೆಯ ಹೊತ್ತಿನಲ್ಲಿ, 24ರಿಂದ 48 ತಾಸು. ಹೊಸಬರಿಗೆ ಮೈನೋವು ಜೋರಾಗೋದೂ ಮರುದಿನ, ಮೂರನೇ ದಿನ. ಅದಕ್ಕೇ ಒಂದೇ ಅಂಗಕ್ಕೆ ಬೆನ್ನುಬೆನ್ನಿಗೆ ಭಾರ ಬೇಡ ಅನ್ನೋದು. ಪಳಗಿದವರು ಸತತ ದಿನ ಮಾಡಿದರೂ ನಷ್ಟವಿಲ್ಲ ಅಂತ ಕೆಲವು ಪ್ರಯೋಗಗಳು ತೋರಿಸ್ಯಾವ, ಸುಳ್ಳು ಯಾಕೆ ಹೇಳಬೇಕು? ಆದರೆ ಅವರು ವರ್ಷಗಟ್ಟಲೆ ಪಳಗಿದವರು. ನೀನು ಸೇರಿ ಹದಿನೈದು ದಿನ ಆಯ್ತು, ತಮ್ಮಾ!

ಈಗ ಗಾಮಾ. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿದ, 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡ. ದಿನಕ್ಕೆ ಐದು ಸಾವಿರ ಬೈಠಕ್, ಮೂರು ಸಾವಿರ ದಂಡ ಅಂತ ಮಂದಿ ಹೇಳ್ತಾರೆ. ಇರಲಿ, ಒಪ್ಪೋಣ. ಆದರೆ ಅವನು ಅಖಾಡಕ್ಕೆ ಇಳಿದದ್ದು ಹಾಲುಗಲ್ಲದ ಹುಡುಗನಾಗಿದ್ದಾಗ. ಸಾಕಿದವರು ರಾಜರು. ಉಣ್ಣೋದು, ಮಾಲೀಸು, ನಿದ್ದಿ, ಇವೇ ಅವನ ನೌಕರಿ. ಎಂಟು ತಾಸು ಮಷೀನಿನ ಮುಂದೆ ನಿಂತು ಬಂದು ಬೈಠಕ್ ಹೊಡೀತಿರಲಿಲ್ಲ. ನಮ್ಮ ಗಾಂಧಿ ಗಂಜಿನ ಹಮಾಲರು ದಿನಾ ತೊಗರಿ, ಸೋಯಾ ಚೀಲ ಹೊರ್ತಾರಲ್ಲ, ಅವರ ಬೆನ್ನು ಹುರಿಗಟ್ಟಿರ್ತದೆ ಖರೆ. ಸಂಜೆಗೆ ಸೊಂಟ ಹಿಡಕೊಂಡು ಕೂಡೋದನ್ನೂ ನೋಡಿ.

ಇನ್ನೊಂದು ಮಾತು, ಇದನ್ನ ನಗೆಚಾಟಿಗೆ ಹೇಳ್ತಿಲ್ಲ. ರೂಢಿ ಇಲ್ಲದ ಮೈಯಲ್ಲಿ ಪಂಥ ಕಟ್ಟಿ ನೂರಾರು ಬೈಠಕ್ ಹೊಡೆದರೆ ಸ್ನಾಯು ಒಡೆದು ಅದರ ಕಸ ರಕ್ತಕ್ಕೆ ಇಳೀತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾಲೀಸು, ಪುಡಿ, ಗುಳಿಗೆ ಅಂತ ಕೂಡಬ್ಯಾಡ್ರಿ. ಅವತ್ತೇ ದವಾಖಾನೆಗೆ ಹೋಗಬೇಕು.

ಅಯ್ಯರ್ ಅವರಂತೂ ಕಬ್ಬಿಣ ಎತ್ತಿದ ಕೈಯಲ್ಲೇ ಲೇಖನಿ ಹಿಡಿದರು. ನಾಟಕಕಾರ ಕೈಲಾಸಂ ಅವರ ಗೆಳೆಯರು ಬೇರೆ! ಹೊಯ್ಸಳ ರಾಣಿಯ ಮೇಲೆ ಶಾಂತಲಾ, ಇಟಲಿಯ ಮೈಕೆಲೆಂಜೆಲೋ ಬರುವ ರೂಪದರ್ಶಿ, ಎರಡು ಕಾದಂಬರಿಗಳೂ ಮನೆಮಾತಾದವು. 1980ರಲ್ಲಿ ತೀರಿಕೊಂಡಾಗ ವಯಸ್ಸು ಎಂಬತ್ತು ದಾಟಿತ್ತು. ಭಾಲ್ಕಿ, ಔರಾದಿನಿಂದ ದಿನಾ ಓಡಾಡುವ ಹುಡುಗರು ಊರಿನ ಲೈಬ್ರರಿಯಲ್ಲಿ ಶಾಂತಲಾ ಅದ ಏನು ಅಂತ ಒಮ್ಮೆ ವಿಚಾರಿಸಲಿ. ಜಿಮ್ಮಿಗೆ ರಜಾ ಹಾಕಿದ ದಿನ ಬಸ್ಸಿನ್ಯಾಗ ಓದಲಿಕ್ಕೆ ಛಲೋ ಪುಸ್ತಕ.