ಅರ್ಬುದರೋಗಿಗಳ ತಾಯಿ: ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ

ಮನುಷ್ಯನಿಗೆ ಬರುವ ವ್ಯಾಧಿಗಳಲ್ಲಿ ಕೆಲವು ದೇಹವನ್ನು ಪೀಡಿಸುವುದಕ್ಕೆ ಮೊದಲೇ ಹೆಸರಿನಿಂದ ಮನಸ್ಸನ್ನು ಕುಗ್ಗಿಸಿಬಿಡುತ್ತವೆ. ಅರ್ಬುದರೋಗ, ಅಂದರೆ ಕ್ಯಾನ್ಸರ್, ಅಂಥ ವ್ಯಾಧಿ. ವೈದ್ಯರ ಬಾಯಿಂದ ಆ ಮಾತು ಹೊರಟ ದಿನ ನಮ್ಮವರು ಮಾಡುವುದೇನು? ಹೋಟಲಿನ ಅಡಿಗೆಮನೆಯಲ್ಲಿ ದುಡಿಯುವವನು ಕೆಲಸ ಹೋದೀತೆಂದು ಯಜಮಾನರಿಂದ ಮುಚ್ಚಿಡುತ್ತಾನೆ. ಕಚೇರಿಯ ಗುಮಾಸ್ತನು ಊರಿನಲ್ಲಿರುವ ತಾಯಿಗೆ ತಿಳಿಸಲು ಅಂಜುತ್ತಾನೆ. ಇನ್ನು ಕೆಲವರು ರೈಲು ಹತ್ತಿ ಊರಿಗೆ ಹೋಗಿ, ಹರಕೆಯಲ್ಲಿಯೂ ಮದ್ದುಬೇರುಗಳಲ್ಲಿಯೂ ತಿಂಗಳುಗಳನ್ನು ಕಳೆದು, ನೋವು ತಡೆಯಲಾರದಾದಾಗ ಹಿಂದಿರುಗುತ್ತಾರೆ. ಅವರನ್ನು ದೂರಲು ನಾವು ಬರೆಯುತ್ತಿಲ್ಲ, ಭಯವು ಮನುಷ್ಯಸಹಜವಾದುದು. ಆದರೆ ನಾವು ಅನ್ನ ಕಂಡುಕೊಂಡಿರುವ ಇದೇ ಪಟ್ಟಣದಲ್ಲಿ ಆ ಭಯವನ್ನೇ ಎದುರಿಸಿ ನಿಂತ ಮಹಿಳೆಯೊಬ್ಬರು ಬಾಳಿದ್ದರು. ಅವರ ಚರಿತ್ರೆಯನ್ನು ಕ್ರೋಂಪೇಟೆಯ ಕನ್ನಡಿಗರು ಅರಿತಿರುವುದು ಒಳಿತೆಂದು ನಮ್ಮ ಭಾವನೆ.

ಮುತ್ತುಲಕ್ಷ್ಮಿಯವರು ೧೮೮೬ನೆಯ ಇಸವಿಯ ಜುಲೈ ೩೦ರಂದು ಪುದುಕ್ಕೋಟ್ಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅವರು ವಿದ್ವಾಂಸರು. ತಾಯಿ ಚಂದ್ರಮ್ಮಾಳ್ ಅವರು ದೇವದಾಸಿ ಕುಲದಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಓದುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಮಹಾರಾಜರ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಕುಳಿತು ಕಲಿಯಲು ಅವರಿಗೆ ದೊರೆಯ ಅಪ್ಪಣೆಯೇ ಬೇಕಾಯಿತು. ೧೯೦೭ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿ, ೧೯೧೨ರಲ್ಲಿ ಪದವಿಯನ್ನು ಪಡೆದರು. ೧೯೧೪ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರನ್ನು ವರಿಸಿದರು.

ಅವರ ಸಾರ್ವಜನಿಕ ಸೇವೆಯ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೨೭ರಲ್ಲಿ ಮದರಾಸು ಶಾಸನಸಭೆಯ ಉಪಾಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದರು. ಹೆಣ್ಣುಮಕ್ಕಳನ್ನು ದೇವಾಲಯಕ್ಕೆ ಬಿಡುವ ಪದ್ಧತಿಯ ವಿರುದ್ಧ ಅವರು ಹೂಡಿದ ಹೋರಾಟವು ೧೯೪೭ರಲ್ಲಿ ಕಾನೂನಾಗಿ ಫಲಿಸಿತು. ೧೯೩೦ರಲ್ಲಿ ಮಹಾತ್ಮಾ ಗಾಂಧಿಯವರ ಬಂಧನವನ್ನು ಪ್ರತಿಭಟಿಸಿ ಶಾಸನಸಭೆಯ ಸ್ಥಾನವನ್ನು ತ್ಯಜಿಸಿದರು. ಎಲ್ಲಿಯೂ ಆಶ್ರಯ ದೊರೆಯದ ಹುಡುಗಿಯರು ಬಾಗಿಲಿಗೆ ಬಂದಾಗ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಅವ್ವೈ ಇಲ್ಲಂ ಎಂಬ ಸಂಸ್ಥೆಯು ಹುಟ್ಟಿದ್ದು ಹಾಗೆ.

ಆದರೆ ಇವೆಲ್ಲಕ್ಕೂ ಮೊದಲು, ೧೯೨೩ರಲ್ಲಿ, ಅವರ ಬಾಳಿಗೆ ದೊಡ್ಡದೊಂದು ಪೆಟ್ಟು ಬಿದ್ದಿತ್ತು. ಅಕ್ಕರೆಯ ತಂಗಿಗೆ ಗುದನಾಳದ ಕ್ಯಾನ್ಸರ್ ತಗಲಿ, ಆಕೆ ತೀರಿಕೊಂಡಳು. ಅಕ್ಕನು ಸ್ವತಃ ವೈದ್ಯೆ. ಆದರೂ ಆ ವಿದ್ಯೆಯು ತಂಗಿಯನ್ನು ಉಳಿಸಲಾರದೆ ಹೋಯಿತು. ನಮ್ಮ ಪೈಕಿ ಯಾರ ಮನೆಯಲ್ಲಿ ಇಂಥ ಸಾವು ಸಂಭವಿಸಿದೆಯೋ ಅವರಿಗೆ ಆ ಅಸಹಾಯಕತೆಯ ಉರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಧಿಲಿಖಿತವೆಂದು ಸುಮ್ಮನಾಗಿದ್ದರೆ ಜಗತ್ತು ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಅವರು ಸುಮ್ಮನಾಗಲಿಲ್ಲ. ಇಂಗ್ಲೆಂಡಿನಲ್ಲಿ ಹೆಚ್ಚಿನ ಅಭ್ಯಾಸಕ್ಕಾಗಿ ಇದ್ದಾಗ ಅಲ್ಲಿಯ ಕ್ಯಾನ್ಸರ್ ಆಸ್ಪತ್ರೆಯನ್ನು ಕಂಡರು. ಇಂಥದೊಂದು ನಮ್ಮ ದೇಶದಲ್ಲಿಯೂ ಇರಬೇಕೆಂಬ ಸಂಕಲ್ಪವು ಅವರಲ್ಲಿ ಬೇರೂರಿತು. ೧೯೩೫ರಲ್ಲಿ ತಾವು ಓದಿದ ಕಾಲೇಜಿನ ಶತಮಾನೋತ್ಸವದಲ್ಲಿ ಆ ಸಂಕಲ್ಪವನ್ನು ಬಹಿರಂಗವಾಗಿಯೇ ಸಾರಿದರು.

ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ವರ್ಷಗಳೇ ಉರುಳಿದುವು. ಹೇಗಿದ್ದರೂ ಸಾಯುವ ರೋಗಿಗಳಿಗಾಗಿ ಬೇರೆಯೊಂದು ಆಸ್ಪತ್ರೆಯೇಕೆ ಎಂಬುದು ಅಧಿಕಾರಸ್ಥರ ಪ್ರಶ್ನೆಯಾಗಿತ್ತು. ಬೇಗನೆ ಬಂದವರು ಬದುಕುತ್ತಾರೆ, ತಡವಾಗಿ ಬಂದವರ ನೋವನ್ನಾದರೂ ತಗ್ಗಿಸಬಹುದು ಎಂಬುದೇ ಆ ಪ್ರಶ್ನೆಗೆ ಉತ್ತರ. ಅದನ್ನು ಕಾರ್ಯದಿಂದ ತೋರಿಸಲು ಅವರು ಭಾರತೀಯ ಮಹಿಳಾ ಸಂಘದ ಆಶ್ರಯದಲ್ಲಿ ನಿಧಿಯನ್ನು ಕೂಡಿಸಿದರು. ಶಸ್ತ್ರವೈದ್ಯರಾದ ಮಗ ಡಾಕ್ಟರ್ ಕೃಷ್ಣಮೂರ್ತಿಯವರು ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟರು. ೧೯೫೨ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅಡಿಗಲ್ಲನ್ನಿಟ್ಟರು. ೧೯೫೪ರ ಜೂನ್ ೧೮ರಂದು ಅಡಯಾರಿನಲ್ಲಿ ಕೇವಲ ೧೨ ಹಾಸಿಗೆಗಳ ಪುಟ್ಟ ಆಸ್ಪತ್ರೆಯು ತೆರೆಯಿತು. ತಂಗಿಯನ್ನು ಕಳೆದುಕೊಂಡು ೩೧ ವರ್ಷಗಳಾಗಿದ್ದುವು. ಅಕ್ಕನಿಗೆ ಆಗ ೬೭ ವಯಸ್ಸು.

ಮರುವರ್ಷವೇ ಡಾಕ್ಟರ್ ಶಾಂತಾ ಎಂಬ ತರುಣಿ ಅಲ್ಲಿ ಸೇವೆಗೆ ಸೇರಿದರು. ೨೦೨೧ರಲ್ಲಿ ಕಣ್ಮುಚ್ಚುವವರೆಗೂ ಅವರು ಆ ಸಂಸ್ಥೆಯನ್ನು ಬಿಡಲಿಲ್ಲ. ೧೯೫೭ರಲ್ಲಿ ಕಿರಣಚಿಕಿತ್ಸೆಯ ಕೋಬಾಲ್ಟ್ ಯಂತ್ರವು ಬಂದಿತು. ಮುತ್ತುಲಕ್ಷ್ಮಿಯವರಿಗೆ ೧೯೫೬ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತ್ತು. ೧೯೬೮ರ ಜುಲೈ ೨೨ರಂದು ಅವರು ದಿವಂಗತರಾದರು. ಆ ಪುಟ್ಟ ಆಸ್ಪತ್ರೆ ಇಂದು ದೇಶದ ಹಿರಿಯ ಕ್ಯಾನ್ಸರ್ ಸಂಸ್ಥೆಗಳಲ್ಲಿ ಒಂದಾಗಿದೆ. ಹಣವಿಲ್ಲದವರಿಗೂ ಅದರ ಬಾಗಿಲು ತೆರೆದಿದೆ.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ದುಃಖವನ್ನು ಅನುಭವಿಸುವುದು ತಪ್ಪಲ್ಲ. ದುಃಖದಲ್ಲಿ ಕಾಲವನ್ನು ಕಳೆಯುವುದು ಮಾತ್ರ ಅಪಾಯ. ರೋಗದ ಹೆಸರು ಕಿವಿಗೆ ಬಿದ್ದ ದಿನ ಅಳು ಬಂದರೆ ಅಳಬೇಕು. ಮರುದಿನ ಹೆಂಡತಿಗೋ ಅಣ್ಣನಿಗೋ ಕೋಣೆಯ ಸಂಗಡಿಗನಿಗೋ ತಿಳಿಸಬೇಕು. ಒಬ್ಬನೇ ಹೊರುವ ಹೊರೆ ಇದಲ್ಲ. ವೈದ್ಯರ ಬಳಿಗೆ ಜೊತೆಗಾರನೊಬ್ಬನನ್ನು ಕರೆದೊಯ್ದರೆ, ಭಯದಲ್ಲಿ ನಮ್ಮ ಕಿವಿಗೆ ಬೀಳದ ಮಾತುಗಳನ್ನು ಅವನು ಕೇಳಿಸಿಕೊಳ್ಳುತ್ತಾನೆ. ಅರ್ಧ ಚಿಕಿತ್ಸೆಯಲ್ಲಿ ಊರಿಗೆ ಓಡಬಾರದು. ಇದು ಅಂಟುರೋಗವಲ್ಲ. ಆದುದರಿಂದ ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವುದು ಅಜ್ಞಾನವೂ ಹೌದು, ಕ್ರೌರ್ಯವೂ ಹೌದು.

ನಮ್ಮ ಹೋಟಲು ಬಂಧುಗಳಿಗೆ ಇನ್ನೂ ಒಂದು ಮಾತು. ಒಲೆಯ ಮುಂದೆ ದಿನವೆಲ್ಲ ನಿಲ್ಲುವವರು ಆಯಾಸ ಮರೆಯಲು ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಗಿಡುವುದುಂಟು. ಬಾಯಿಯ ಕ್ಯಾನ್ಸರಿಗೆ ಅದು ದೊಡ್ಡ ಕಾರಣ. ಹೊಗೆಸೊಪ್ಪಿಲ್ಲದ ಅಡಿಕೆಯೂ ನಿರಪಾಯವಲ್ಲ. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಕೆನ್ನೆಯೊಳಗಿನ ಬಿಳಿಯ ಮಚ್ಚೆ, ನುಂಗುವಾಗ ತಡೆ, ಹೆಂಗಸರಲ್ಲಿ ಸ್ತನದ ಗಂಟು ಇಲ್ಲವೆ ಅಕಾಲದ ರಕ್ತಸ್ರಾವ, ಇವನ್ನು ಕಂಡೊಡನೆ ವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ಕ್ರೋಂಪೇಟೆಯ ನಿಲ್ದಾಣದ ಪಕ್ಕದಲ್ಲಿಯೇ ತಾಂಬರಂ ಸ್ಯಾನಟೋರಿಯಂ ನಿಲ್ದಾಣವಿದೆ. ೧೯೨೮ರಲ್ಲಿ ಅಲ್ಲಿ ಕ್ಷಯರೋಗಿಗಳ ಆಸ್ಪತ್ರೆ ತೆರೆದ ಕಾಲಕ್ಕೆ ಕ್ಷಯವೆಂದರೆ ಮರಣವೆಂದೇ ಜನರ ನಂಬಿಕೆಯಾಗಿತ್ತು. ಇಂದು ಕ್ರಮವಾಗಿ ಔಷಧ ಸೇವಿಸಿ ಗುಣಹೊಂದುವವರೇ ಬಹುಮಂದಿ. ಕ್ಯಾನ್ಸರಿನಲ್ಲಿಯೂ ಬೇಗನೆ ಹೋದವರಲ್ಲಿ ಅನೇಕರು ಉಳಿಯುತ್ತಾರೆ. ಎಲ್ಲರೂ ಉಳಿಯುತ್ತಾರೆಂದು ಹೇಳಿ ನಾವು ಯಾರನ್ನೂ ವಂಚಿಸಲಾರೆವು. ಆದರೆ ಹೋಗದವರು ಉಳಿಯುವ ದಾರಿಯನ್ನೇ ಮುಚ್ಚಿಕೊಳ್ಳುತ್ತಾರೆ. ಇಲ್ಲಿಂದ ರೈಲಿನಲ್ಲಿ ಗಿಂಡಿಗೆ ಹೋಗಿ ಬಸ್ಸು ಹಿಡಿದರೆ ಅಡಯಾರು ದೂರವಿಲ್ಲ. ತಂಗಿಯನ್ನು ಉಳಿಸಿಕೊಳ್ಳಲಾರದ ಅಕ್ಕನೊಬ್ಬಳು ಪರರ ಅಣ್ಣತಮ್ಮಂದಿರಿಗಾಗಿ, ಅಕ್ಕತಂಗಿಯರಿಗಾಗಿ ತೆರೆಸಿದ ಬಾಗಿಲು ಅಲ್ಲಿದೆ. ಅಗತ್ಯ ಬಿದ್ದವರು ತಡಮಾಡದೆ ಅದನ್ನು ತಟ್ಟಲಿ.