ಮಕ್ಕಳಿಗಾಗಿ ಬರೆಯುವವರಿಗೆ ಮೇಷ್ಟ್ರು: ಪಂಜೆ ಮಂಗೇಶರಾಯರು

ಮಕ್ಕಳಿಗಾಗಿ ಕತೆ, ಪದ್ಯ ಬರೆಯಬೇಕು, ಅವಕ್ಕೆ ಚಿತ್ರ ಬಿಡಿಸಬೇಕು ಎಂಬ ಹಂಬಲ ಹೊರನಾಡ ಕನ್ನಡಿಗರಲ್ಲಿ ಅನೇಕರಿಗಿದೆ. ಅಂಥವರು ಮೊದಲು ತಿಳಿಯಬೇಕಾದ ಬದುಕು ಪಂಜೆ ಮಂಗೇಶರಾಯರದು.

ಪಂಜೆಯವರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಊರಿನ ಮಾತು ತುಳು. ಆದರೂ ಮಕ್ಕಳ ನಾಲಗೆಯಲ್ಲಿ ನಲಿಯುವ ಕನ್ನಡವನ್ನು ಅವರಷ್ಟು ಸೊಗಸಾಗಿ ಬರೆದವರು ವಿರಳ. ಮನೆಯಲ್ಲಿ ಬೇರೆ ಭಾಷೆಯಿದೆ, ಮಕ್ಕಳಿಗೆ ಕನ್ನಡ ಹೇಗೆ ಬಂದೀತು ಎಂದು ಕೊರಗುವ ಪಾಲಕರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ.

ತಂದೆ ಬೇಗನೆ ತೀರಿಕೊಂಡದ್ದರಿಂದ ಸಂಸಾರದ ಹೊಣೆ ಎಳೆಯ ಹೆಗಲಿಗೆ ಬಿತ್ತು. ಕಷ್ಟದಲ್ಲೇ ಓದಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಬಳಿಕ ಶಾಲಾ ಇನ್‌ಸ್ಪೆಕ್ಟರರ ಕೆಲಸ ಅವರನ್ನು ಹಳ್ಳಿ ಶಾಲೆಗಳಿಗೆ ಕರೆದೊಯ್ದಿತು. ಎಳೆಯರು ಅರ್ಥವಾಗದ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದ ಕಾಲವದು. ತರಗತಿಯ ಮಕ್ಕಳನ್ನು ಹತ್ತಿರದಿಂದ ಬಲ್ಲ ಮೇಷ್ಟ್ರೇ ಅವರಿಗಾಗಿ ಬರೆಯತೊಡಗಿದರು.

ಅವರ ನಾಗರಹಾವಿನ ಪದ್ಯದಲ್ಲಿ ಮಗು ಕೈಮುಗಿದು, ಹಾಲು ಕೊಡುವೆನೆಂದು ಹಾವನ್ನೇ ಕರೆಯುತ್ತದೆ. ಅಲ್ಲಿ ಹೆದರಿಕೆಯೂ ಇದೆ, ಅಕ್ಕರೆಯೂ ಇದೆ. ನೀತಿಬೋಧೆ ಮಾತ್ರ ಇಲ್ಲ. ತೆಂಕಣ ಗಾಳಿಯ ಪದ್ಯದಲ್ಲಿ ಗಾಳಿ ಬೀಸುವ ಸದ್ದೇ ಪದಗಳಾಗಿದೆ. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕತೆಯಲ್ಲಿ ಪ್ರಶ್ನೆಗೆ ಪ್ರಶ್ನೆ ಕೊಂಡಿಯಾಗಿ ಬೆಳೆಯುತ್ತದೆ. ಕರಾವಳಿಯ ಮಗುವಿಗೆ ಸಿಗಡಿ ಅಡುಗೆಮನೆಯ ನಿತ್ಯದ ವಸ್ತು. ಇಂಗ್ಲಿಷಿನ ಮೂರು ಕರಡಿಗಳ ಕತೆಯೂ ಅವರ ಕೈಯಲ್ಲಿ ಅಚ್ಚಕನ್ನಡದ್ದಾಯಿತು.

ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಅಲ್ಲಿನ ಬೆಟ್ಟ, ಹೊಳೆ, ಜನರನ್ನು ಕಂಡು 'ಹುತ್ತರಿ ಹಾಡು' ಬರೆದರು. ಹೋದ ಊರನ್ನು ತನ್ನದಾಗಿಸಿಕೊಳ್ಳುವ ಈ ಗುಣವೇ ಅವರ ಬರವಣಿಗೆಯ ಗುಟ್ಟು.

ಒಬ್ಬರ ಬರವಣಿಗೆಯಿಂದ ಮಕ್ಕಳ ಹಸಿವು ತೀರದೆಂದು ಅರಿತು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಇಷ್ಟೆಲ್ಲ ಮಾಡಿದವರು ಇಟ್ಟುಕೊಂಡ ಕಾವ್ಯನಾಮ 'ಕವಿಶಿಷ್ಯ'. ಕವಿಯೆಂದು ಕರೆದುಕೊಳ್ಳದೆ ಶಿಷ್ಯರಾಗಿಯೇ ಉಳಿದರು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರ್ 25ರಂದು, ಅದೇ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ ಪಂಜೆಯವರು ಕೊನೆಯುಸಿರೆಳೆದರು. ಬಂಟ್ವಾಳದ ಮಗ ಕಣ್ಮುಚ್ಚಿದ್ದೂ ಹೊರನಾಡಿನಲ್ಲೇ.

ಬರೆಯುವವರಿಗೆ ಅವರ ಬದುಕು ಹೇಳುವುದಿಷ್ಟು: ಮೊದಲು ಮಕ್ಕಳೊಡನೆ ಕುಳಿತುಕೊಳ್ಳಿ, ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಗೆ ತಡವರಿಸಿದ ಕಡೆ ತಿದ್ದಿ, ನೀತಿಯನ್ನು ಹೇರಬೇಡಿ. ಚಿತ್ರ ಬಿಡಿಸುವವರೂ ಮಗು ದಿನವೂ ಕಾಣುವುದನ್ನೇ ಬಿಡಿಸಲಿ. ಅಂದು ಕರಾವಳಿಯ ಮಗುವಿಗೆ ಸಿಗಡಿಯಿದ್ದಂತೆ ಇಂದು ಮುಂಬಯಿಯ ಮಗುವಿಗೆ ಲೋಕಲ್ ರೈಲು, ಚಾಳಿನ ಜಗಲಿ, ಮಳೆಗಾಲದ ಕಡಲು ಇವೆ. ಅವು ಕನ್ನಡದಲ್ಲಿ ಮಾತಾಡಿದರೆ ಮಗುವೂ ಕನ್ನಡದಲ್ಲಿ ಮಾತಾಡೀತು. ಸಂಘಗಳ ಕನ್ನಡ ತರಗತಿಗಳಲ್ಲಿ ಪಂಜೆಯವರ ಒಂದು ಪದ್ಯ ಹಾಡಿಸಿ, ಮಕ್ಕಳಿಂದಲೇ ಅದರ ಚಿತ್ರ ಬರೆಸಿದರೆ ಕೆಲಸ ಅಲ್ಲಿಂದಲೇ ಆರಂಭವಾದಂತೆ.