ಡಿರೋಜಿಯೊ ಮತ್ತು ಮಾಣಿಕ್‌ತಲಾದ ವಿದ್ಯಾರ್ಥಿಕೂಟ

ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ ಅಧ್ಯಾಪಕನಾಗಿದ್ದದ್ದು ಸುಮಾರು ಐದು ವರ್ಷ ಮಾತ್ರ. ಸಾಹಿತ್ಯ ಚರಿತ್ರೆಕಾರರು ಅವನನ್ನು ಇಂಗ್ಲಿಷಿನಲ್ಲಿ ಬರೆದ ಮೊದಲ ಭಾರತೀಯ ಕವಿಗಳಲ್ಲಿ ಒಬ್ಬನೆಂದು ಗುರುತಿಸುತ್ತಾರೆ; ಸಮಾಜ ಚರಿತ್ರೆಕಾರರು ‘ಯಂಗ್ ಬೆಂಗಾಲ್’ ಬಂಡಾಯದ ಗುರುವೆಂದು ಕರೆಯುತ್ತಾರೆ. ಈ ಎರಡು ಚಿತ್ರಗಳ ನಡುವೆ ಅವನ ಬದುಕಿನ ಒಂದು ಮುಖ್ಯ ಸಂಗತಿ ಮಸುಕಾಗಿದೆ. ಪಠ್ಯಕ್ಕೂ ಪರೀಕ್ಷೆಗೂ ಸಂಬಂಧವಿಲ್ಲದೆ, ಇಚ್ಛೆಯುಳ್ಳವರು ಮಾತ್ರ ಬಂದು ಕುಳಿತು ಮಾತನಾಡುವ ಒಂದು ಕೂಟವನ್ನು ಅವನು ವಿದ್ಯಾರ್ಥಿಗಳಿಗಾಗಿ ಕಟ್ಟಿದ್ದನು. ಅವರಿಗೆ ಅದು ಏನನ್ನು ಕೊಟ್ಟಿತು, ಅವರಿಂದ ಏನನ್ನು ಕಸಿದುಕೊಂಡಿತು ಎಂಬುದನ್ನು ಅವನ ಜೀವನದ ಬೆಳಕಿನಲ್ಲಿಯೇ ನೋಡಬೇಕು.

ಡಿರೋಜಿಯೊ ಹುಟ್ಟಿದ್ದು 1809ರ ಏಪ್ರಿಲ್ 18ರಂದು, ಕಲ್ಕತ್ತೆಯಲ್ಲಿ. ತಂದೆಯ ಕಡೆಯಿಂದ ಪೋರ್ಚುಗೀಸ್ ಮೂಲದ ಮಿಶ್ರ ಸಂತಾನ. ಆಳುವ ಇಂಗ್ಲಿಷರ ಸಮಾಜ ಇಂಥವರನ್ನು ತನ್ನವರೆಂದು ಒಪ್ಪುತ್ತಿರಲಿಲ್ಲ. ಹಿಂದೂ ಮುಸ್ಲಿಂ ಸಮಾಜಗಳಲ್ಲಿಯೂ ಅವರಿಗೆ ನೆಲೆಯಿರಲಿಲ್ಲ. ಧರ್ಮತಲಾದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಡ್ರಮಂಡ್ ನಡೆಸುತ್ತಿದ್ದ ಶಾಲೆಯಲ್ಲಿ ಅವನ ಓದು ಸಾಗಿತು. ಡ್ರಮಂಡ್ ಸ್ವತಂತ್ರ ವಿಚಾರದವನು, ಕವಿತೆ ಬರೆಯುತ್ತಿದ್ದವನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಮುಗಿಯಿತು. ಕೆಲಕಾಲ ಗುಮಾಸ್ತಗಿರಿ, ಆಮೇಲೆ ಭಾಗಲ್ಪುರದ ಕಡೆ ಬಂಧುವಿನ ನೀಲಿ ತಯಾರಿಕೆಯ ನೆಲೆಯಲ್ಲಿ ವಾಸ. ಗಂಗೆಯ ದಡದ ಆ ದಿನಗಳೇ ಮುಂದೆ 1828ರಲ್ಲಿ ಪ್ರಕಟವಾದ ‘ದಿ ಫಕೀರ್ ಆಫ್ ಜಂಘೀರಾ’ ಕಾವ್ಯಕ್ಕೆ ನೆಲೆ ಒದಗಿಸಿದವು. ಅಲ್ಲಿಂದ ಅವನು ‘ಇಂಡಿಯಾ ಗೆಜೆಟ್’ ಪತ್ರಿಕೆಗೆ ಕಳುಹಿಸುತ್ತಿದ್ದ ಕವಿತೆಗಳು ರಾಜಧಾನಿಯ ಓದುಗರಿಗೆ ಅವನನ್ನು ಪರಿಚಯಿಸಿದ್ದವು.

1826ರಲ್ಲಿ ಹಿಂದೂ ಕಾಲೇಜಿಗೆ ಅಧ್ಯಾಪಕನಾಗಿ ಬಂದಾಗ ಅವನಿಗೆ ಹದಿನೇಳು ವರ್ಷ. 1817ರಲ್ಲಿ ಸ್ಥಾಪನೆಯಾಗಿ, 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜೆಂದೂ 2010ರಲ್ಲಿ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯವೆಂದೂ ರೂಪಾಂತರಗೊಂಡ ಸಂಸ್ಥೆ ಇದೇ. ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸ ಅವನ ವಿಷಯಗಳು. ಕೃಷ್ಣಮೋಹನ ಬ್ಯಾನರ್ಜಿ, ರಾಮತನು ಲಾಹಿರಿ, ರಾಧಾನಾಥ ಸಿಕದಾರ್ ಮೂವರೂ 1813ರಲ್ಲಿ ಹುಟ್ಟಿದವರು. ರಾಮಗೋಪಾಲ ಘೋಷ್ ಅವರಿಗಿಂತ ಕಿರಿಯ. ಗುರುಶಿಷ್ಯರ ನಡುವಣ ಅಂತರ ಅಣ್ಣತಮ್ಮಂದಿರ ಅಂತರವೇ ಆಗಿತ್ತು. ಡಿರೋಜಿಯೊನ ಪ್ರಭಾವದ ಬಗ್ಗೆ ಬರೆಯುವವರು ಅವನ ವಿಚಾರಗಳಿಗೆ ಕೊಡುವ ಒತ್ತನ್ನು ಈ ವಯಸ್ಸಿನ ಲೆಕ್ಕಕ್ಕೆ ಕೊಡುವುದಿಲ್ಲ. ಹಗಲು ಬೇಕನ್, ಹ್ಯೂಮ್, ಪೇನ್ ಓದಿ, ಸಂಜೆ ಅದರ ಸುಳಿವೂ ಇಲ್ಲದ ಮನೆಗಳಿಗೆ ಮರಳುತ್ತಿದ್ದ ಹುಡುಗರು ಅವರು. ಓದಿದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ಸಮಾಜಗಳ ನಡುವೆ ನೆಲೆಯಿಲ್ಲದೆ ನಿಂತವನ ಪಾಡು ಆ ತರುಣ ಗುರುವಿಗೆ ಯಾರೂ ವಿವರಿಸಿ ತಿಳಿಸಬೇಕಾದದ್ದಾಗಿರಲಿಲ್ಲ.

ತರಗತಿ ಮುಗಿದ ಮೇಲೂ ಮಾತು ಮುಂದುವರಿಯುತ್ತಿತ್ತು. ಹುಡುಗರು ಅವನ ಮನೆಗೂ ಬರತೊಡಗಿದರು. ಈ ಸಹವಾಸ 1828ರಲ್ಲಿ ‘ಅಕಾಡೆಮಿಕ್ ಅಸೋಸಿಯೇಷನ್’ ಎಂಬ ಹೆಸರು ಪಡೆಯಿತು. ಮಾಣಿಕ್‌ತಲಾದಲ್ಲಿದ್ದ ಶ್ರೀಕೃಷ್ಣ ಸಿಂಹನ ತೋಟದ ಮನೆ ಅದರ ನೆಲೆಯಾಯಿತು. ಅಧ್ಯಕ್ಷನು ಡಿರೋಜಿಯೊ. ವಿಧಿ ಮತ್ತು ಇಚ್ಛಾಸ್ವಾತಂತ್ರ್ಯ, ದೇಶಪ್ರೇಮ, ದೇವರ ಅಸ್ತಿತ್ವ, ವಿಗ್ರಹಾರಾಧನೆ ಇವೆಲ್ಲ ಚರ್ಚೆಗೆ ಬರುತ್ತಿದ್ದವು. ಗಡಿಯಾರ ತಯಾರಕನಾಗಿದ್ದು ಮುಂದೆ ಶಿಕ್ಷಣಪ್ರೇಮಿಯಾದ ಡೇವಿಡ್ ಹೇರ್, ನ್ಯಾಯಾಧೀಶ ಎಡ್ವರ್ಡ್ ರಯಾನ್‌ರಂಥ ಹಿರಿಯರೂ ಬಂದು ಕೇಳುವುದಿತ್ತು. ಇಂಥ ಹಿರಿಯರ ಎದುರಿಗೆ ಹದಿನೈದರ ಹುಡುಗನು ಎದ್ದು ನಿಂತು ವಾದ ಮಂಡಿಸುವುದು ಆ ಕಾಲದ ಶಿಷ್ಟಾಚಾರದಲ್ಲಿ ಎಷ್ಟು ಅಪೂರ್ವವೆಂಬುದನ್ನು ಊಹಿಸಬಹುದು. ಅಂಕವಿಲ್ಲ, ಬಹುಮಾನವಿಲ್ಲ; ಗುರುವಿನ ಮಾತನ್ನೂ ವಿರೋಧಿಸಬಹುದಿತ್ತು. ಆ ಹುಡುಗರನ್ನು ಜೀವನಪರ್ಯಂತ ಬಿಗಿದದ್ದು ಅಲ್ಲಿ ಹೊರಬಿದ್ದ ತೀರ್ಮಾನಗಳಲ್ಲ. ಆ ತೀರ್ಮಾನಗಳಲ್ಲಿ ಅವರು ಮುಂದೆ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಸ್ನೇಹ ಮಾತ್ರ ಉಳಿಯಿತು.

ಆದರೆ ಜಾತಿಯ ಕಟ್ಟುಪಾಡಿನ ನಗರದಲ್ಲಿ ಒಟ್ಟಿಗೆ ಕೂರುವುದು ಒಟ್ಟಿಗೆ ಉಣ್ಣುವುದಕ್ಕೆ ದಾರಿಯಾಗದೆ ಇರುವುದಿಲ್ಲ. ನಿಷಿದ್ಧ ಆಹಾರ, ಮದ್ಯ, ಪೂಜೆಯ ತಿರಸ್ಕಾರ ಇವುಗಳ ಸುದ್ದಿ ಊರೆಲ್ಲ ಹಬ್ಬಿತು. 1830ರಲ್ಲಿ ವಿದ್ಯಾರ್ಥಿಗಳು ಹೊರತಂದ ‘ಪಾರ್ಥೆನಾನ್’ ಪತ್ರಿಕೆ ಒಂದೇ ಸಂಚಿಕೆಗೆ ನಿಂತಿತು. ಎರಡನೆಯದನ್ನು ಕಾಲೇಜಿನ ಆಡಳಿತ ತಡೆಯಿತು. ಪೋಷಕರು ಮಕ್ಕಳನ್ನು ಕಾಲೇಜಿನಿಂದ ಬಿಡಿಸತೊಡಗಿದರು. 1831ರ ಏಪ್ರಿಲ್ 23ರಂದು ಆಡಳಿತ ಸಮಿತಿ ಸಭೆ ಸೇರಿ, ಅವನನ್ನು ಮುಂದುವರಿಸುವುದು ಹಿತವಲ್ಲವೆಂದು ಬಹುಮತದಿಂದ ತೀರ್ಮಾನಿಸಿತು. ಹಿಂದೂ ಭಾವನೆಗೆ ಸಂಬಂಧಿಸಿದ ವಿಷಯವೆಂದು ವಿದ್ವಾಂಸ ಎಚ್. ಎಚ್. ವಿಲ್ಸನ್ ಮತ್ತು ಹೇರ್ ಮತ ಚಲಾಯಿಸಲಿಲ್ಲ. ಅವನ ಪರವಾಗಿ ನಿಂತವನು ಕೂಟಕ್ಕೆ ಮನೆ ಬಿಟ್ಟುಕೊಟ್ಟಿದ್ದ ಶ್ರೀಕೃಷ್ಣ ಸಿಂಹ. ವಿಚಾರಣೆಯಿಲ್ಲದೆ ನಡೆದ ಈ ನಿರ್ಣಯವನ್ನು ಪ್ರತಿಭಟಿಸಿ ಡಿರೋಜಿಯೊ ರಾಜೀನಾಮೆ ಕೊಟ್ಟನು.

ಆಪಾದನೆಗಳು ಮೂರು: ದೇವರಿಲ್ಲವೆಂದು ಕಲಿಸಿದ್ದು, ತಂದೆತಾಯಿಗೆ ಅವಿಧೇಯರಾಗುವಂತೆ ಪ್ರಚೋದಿಸಿದ್ದು, ಅಣ್ಣತಂಗಿಯರ ವಿವಾಹವನ್ನು ಸಮರ್ಥಿಸಿದ್ದು. ವಿಲ್ಸನ್‌ಗೆ ಬರೆದ ದೀರ್ಘ ಪತ್ರದಲ್ಲಿ ಅವನು ಮೂರನ್ನೂ ಉತ್ತರಿಸಿದ್ದಾನೆ. ಮೊದಲನೆಯದಕ್ಕೆ, ಹ್ಯೂಮನ ಸಂದೇಹಗಳನ್ನೂ ಅವುಗಳಿಗೆ ರೀಡ್ ಮತ್ತು ಸ್ಟೂಅರ್ಟ್ ಕೊಟ್ಟ ಉತ್ತರಗಳನ್ನೂ ಜೊತೆಯಾಗಿ ಓದಿಸಿದೆನೆಂಬುದು ಅವನ ಸಮರ್ಥನೆ. ಮೂರನೆಯದನ್ನು ಅಸಂಬದ್ಧವೆಂದು ತಳ್ಳಿಹಾಕಿದನು. ಹೆಚ್ಚು ಕುತೂಹಲಕರವಾದದ್ದು ಎರಡನೆಯದು. ತಂದೆಯೊಡನೆ ಒರಟಾಗಿ ವರ್ತಿಸಿದ ಒಬ್ಬ ವಿದ್ಯಾರ್ಥಿಯನ್ನು ತಾನು ಆಕ್ಷೇಪಿಸಿದ್ದನ್ನು ಅವನು ನೆನಪಿಸುತ್ತಾನೆ. ದಕ್ಷಿಣಾರಂಜನ ಮುಖರ್ಜಿ ತಂದೆಯ ಕಾಠಿಣ್ಯ ತಾಳಲಾರದೆ ಮನೆ ಬಿಡುವೆನೆಂದು ಬಂದಾಗ, ಅವನ ಸಂಕಟ ನಿಜವೆಂದು ತಿಳಿದಿದ್ದರೂ, ಹೊರಗೆ ಹಾಕುವ ತನಕ ತಾಳಿಕೊಂಡಿರಬೇಕೆಂದು ತಿಳಿಹೇಳಿದ್ದನ್ನು ವಿವರಿಸುತ್ತಾನೆ. ದಕ್ಷಿಣಾರಂಜನ ಸ್ವಲ್ಪ ಕಾಲ ಮಾತ್ರ ತಾಳಿದನು. ಆಮೇಲೆ ಮನೆ ಬಿಟ್ಟು ಗುರುವಿನ ನೆರೆಯಲ್ಲಿಯೇ ಬಾಡಿಗೆಮನೆ ಹಿಡಿದನು. ನಾಸ್ತಿಕ ಗುರುವೆಂದು ಹೆಸರಾದವನ ನಿಜವಾದ ಕೆಲಸ ಬಹುಮಟ್ಟಿಗೆ ಇಂಥದ್ದಾಗಿತ್ತು: ಮನೆಯಲ್ಲಿ ನೆಲೆ ತಪ್ಪಿದ ಹುಡುಗನ ಮಾತಿಗೆ ಕಿವಿಗೊಡುವುದು.

ಆದರೂ ಪೋಷಕರ ಭಯ ಆಧಾರವಿಲ್ಲದ್ದಲ್ಲ. ಅದೇ ವರ್ಷದ ಆಗಸ್ಟಿನಲ್ಲಿ, ಕೃಷ್ಣಮೋಹನ ಮನೆಯಲ್ಲಿಲ್ಲದಾಗ ಅಲ್ಲಿ ಸೇರಿದ್ದ ಗೆಳೆಯರು ಗೋಮಾಂಸ ತಿಂದು ಮೂಳೆಗಳನ್ನು ಪಕ್ಕದ ಬ್ರಾಹ್ಮಣರ ಮನೆಗೆ ಎಸೆದರು. ಕೃಷ್ಣಮೋಹನನು ಮನೆಯಿಂದ ಹೊರದೂಡಲ್ಪಟ್ಟು ದಕ್ಷಿಣಾರಂಜನನ ಆಶ್ರಯ ಪಡೆಯಬೇಕಾಯಿತು; ಮರುವರ್ಷ ಕ್ರೈಸ್ತನಾದನು. ಎಸೆದವರದು ಹುಡುಗಾಟ, ದಂಡ ತೆತ್ತವನು ಸ್ಥಳದಲ್ಲಿರದವನು. ಕೂಟವು ಒಂಟಿತನವನ್ನು ನೀಗಿಸಿದ್ದು ನಿಜ. ಕೆಲವರ ಪಾಲಿಗೆ ಅದರ ಹೊರತು ಬೇರೆ ಮನೆಯೇ ಇಲ್ಲದಂತೆ ಮಾಡಿದ್ದೂ ನಿಜ. ಡಿರೋಜಿಯೊನ ಅಭಿಮಾನಿಗಳು ಇದನ್ನು ಸಂಪ್ರದಾಯದ ಕ್ರೌರ್ಯವೆಂದಷ್ಟೇ ಓದುವುದು ಅರ್ಧ ಓದು.

ಕಾಲೇಜು ಬಿಟ್ಟ ಡಿರೋಜಿಯೊ 1831ರ ಜೂನ್‌ನಲ್ಲಿ ‘ದಿ ಈಸ್ಟ್ ಇಂಡಿಯನ್’ ದಿನಪತ್ರಿಕೆಯನ್ನು ಆರಂಭಿಸಿ, ತನ್ನ ಮಿಶ್ರ ಸಮುದಾಯದ ಹಕ್ಕುಗಳಿಗಾಗಿ ಬರೆದನು. ಶಿಷ್ಯರ ಬರುಹೋಗು ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಕಾಲರಾ ತಗುಲಿದಾಗ ಹಾಸಿಗೆಯ ಬಳಿ ಉಪಚರಿಸಿದವರಲ್ಲಿ ಅವರೂ ಇದ್ದರು. 26ರಂದು ಅವನು ತೀರಿಕೊಂಡನು, ಇಪ್ಪತ್ಮೂರು ತುಂಬಿರಲಿಲ್ಲ. ಸಮಾಧಿ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

ಶಿಷ್ಯರು ಹಿಡಿದ ದಾರಿಗಳು ಬೇರೆ ಬೇರೆ. ರಾಧಾನಾಥನು ಭೂಮಾಪನ ಇಲಾಖೆ ಸೇರಿ ಎವರೆಸ್ಟ್ ಶಿಖರದ ಎತ್ತರವನ್ನು ಗಣಿಸಿದನು. ರಾಮಗೋಪಾಲ ವ್ಯಾಪಾರಿಯೂ ವಾಗ್ಮಿಯೂ ಆದನು. ಪ್ಯಾರೀಚಾಂದ ಮಿತ್ರ ಆಡುಮಾತಿನ ಬಂಗಾಳಿ ಗದ್ಯಕ್ಕೆ ದಾರಿ ತೆರೆದನು. ಆ ಗದ್ಯವನ್ನು ಬಂಕಿಮಚಂದ್ರ ಮೆಚ್ಚಿದ್ದನ್ನೂ, ಬಂಕಿಮನ ಕಾದಂಬರಿಗಳು ಬಿ. ವೆಂಕಟಾಚಾರ್ಯರ ಮೂಲಕ ಕನ್ನಡಕ್ಕೆ ಬಂದದ್ದನ್ನೂ ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಅಸೋಸಿಯೇಷನ್ ಮಾತ್ರ ಗುರುವಿನೊಡನೆ ಮುಗಿಯಲಿಲ್ಲ. ಹೇರ್ ಅದರ ಅಧ್ಯಕ್ಷತೆ ವಹಿಸಿ ಕೆಲವು ವರ್ಷ ನಡೆಸಿದನು. 1838ರಲ್ಲಿ ಹಳೆಯ ಗೆಳೆಯರೇ ಸೇರಿ, ತಾರಾಚಂದ ಚಕ್ರವರ್ತಿಯ ಅಧ್ಯಕ್ಷತೆಯಲ್ಲಿ, ಸಾಮಾನ್ಯ ಜ್ಞಾನಾರ್ಜನೆಯ ಮತ್ತೊಂದು ಸಭೆ ಕಟ್ಟಿದರು. ಈ ಸಲ ಹಿಂದೂ ಕಾಲೇಜಿನ ಸಭಾಂಗಣವೇ ಅವರಿಗೆ ದೊರೆಯಿತು. 1843ರ ಫೆಬ್ರುವರಿಯಲ್ಲಿ ಅಲ್ಲಿ ಕಂಪನಿಯ ನ್ಯಾಯಾಲಯ ಮತ್ತು ಪೊಲೀಸ್ ವ್ಯವಸ್ಥೆಯನ್ನು ಟೀಕಿಸುವ ಪ್ರಬಂಧವೊಂದನ್ನು ಓದಲಾಗುತ್ತಿದ್ದಾಗ, ಕಾಲೇಜಿನ ಕ್ಯಾಪ್ಟನ್ ರಿಚರ್ಡ್‌ಸನ್ ಅದನ್ನು ರಾಜದ್ರೋಹವೆಂದು ನಡುವೆಯೇ ತಡೆದನು. ಓದುತ್ತಿದ್ದವನು ಹಿಂದೊಮ್ಮೆ ತಂದೆಯ ಮನೆ ಬಿಟ್ಟು ಬಂದಿದ್ದ ದಕ್ಷಿಣಾರಂಜನ. ತಾರಾಚಂದ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯುವಂತೆ ಒತ್ತಾಯಿಸಿದನು. ಸಭೆ ಕಾಲೇಜನ್ನು ತೊರೆದು ಬೇರೆಡೆ ಸೇರತೊಡಗಿತು.